ಮೂರನೇ ಸಾಲಿನ ನಂತರ

ಜುಲೈ ೪

ಅಪ್ಪನಿಗೆ,

ಬಸ್ಸಿಳಿದು ರೂಮು ಸೇರಿದೆ. ಸೈಕಲ್ ಅಂಗಡಿಯ ಮಹಡಿ ಮೇಲಿನ ರೂಮು. ಒಂದು ಮಂಚ, ಒಂದು ಕುರ್ಚಿ, ಒಂದು ಕಿಟಕಿ. ಗಿಟಾರು ಮಲಗಿದರೆ ನಾನು ಕೂರಬೇಕು, ನಾನು ಮಲಗಿದರೆ ಗಿಟಾರು ಕೂರಬೇಕು. ಬಾಗಿಲಿನ ಬೀಗವನ್ನು ನೀವು ನೋಡಿದರೆ ಊಟ ಬಿಡುತ್ತೀರಿ. ಚಮಚದ ಹಿಡಿಯಿಂದಲೂ ತೆರೆಯುತ್ತದೆ. ಮನೆಯೊಡತಿಗೆ, "ನಮ್ಮಪ್ಪಂದು ಕೀ ಅಂಗಡಿ, ಬಂದಾಗ ಸರಿ ಮಾಡಿಕೊಡ್ತಾರೆ" ಎಂದೆ. "ಅವರು ಬರೋವರೆಗೆ ಚಮಚ ಇದೆಯಲ್ಲ" ಎಂದರು.

ಫೋನು ಬಿಟ್ಟು ಕಾಗದ ಹಿಡಿದದ್ದಕ್ಕೆ ಬೇಜಾರು ಬೇಡ. ಫೋನಿನಲ್ಲಿ ನಾನು ಹೇಳಿದ್ದರಲ್ಲಿ ಅರ್ಧ ನಿಮಗೆ ಕೇಳಿಸುವುದಿಲ್ಲ, ಉಳಿದರ್ಧವನ್ನು ನೀವು ಇಡೀ ಬೀದಿಗೆ ಕೇಳಿಸುವಂತೆ ತಿರುಗಿ ಹೇಳುತ್ತೀರಿ. ನನ್ನ ಹೊಟ್ಟೆನೋವಿನ ಸುದ್ದಿ ಪಕ್ಕದ ವಾಚ್ ರಿಪೇರಿ ಮಾಮನಿಗೆ ಗೊತ್ತಾದದ್ದು ಹಾಗೇ ತಾನೇ.

ಈಗ ನಿಜವಾದ ಸುದ್ದಿ. ಕಂಪನಿಯವರು ಎಂಟು ಹಾಡಿಗೂ ಒಪ್ಪಿದ್ದಾರೆ. ಮಾತು ನನ್ನದು, ರಾಗ ನನ್ನದು, ಆಲ್ಬಮ್ಮಿನ ಮೇಲೆ ಹೆಸರೂ ನನ್ನದೇ. ಸ್ಟುಡಿಯೊ ಮೊದಲು ಹಣ್ಣಿನ ಗೋದಾಮಾಗಿತ್ತಂತೆ. ಗೋಡೆಗೆಲ್ಲ ದಪ್ಪ ಸ್ಪಂಜು ಬಡಿದಿದ್ದಾರೆ, ಆದರೂ ಒಂದು ಮೂಲೆಯಲ್ಲಿ ಸೇಬಿನ ವಾಸನೆ ಬರುತ್ತದೆ. ಅಲ್ಲಿಯ ಸೌಂಡ್ ಇಂಜಿನಿಯರ್ ಟೀ ಕುಡಿಯುವಾಗಲೂ ಕುತ್ತಿಗೆಯಿಂದ ಹೆಡ್‌ಫೋನ್ ತೆಗೆಯುವುದಿಲ್ಲ, ಅದಕ್ಕೇ ಎಲ್ಲರಿಗೂ ಅವರು ಹೆಡ್‌ಫೋನಣ್ಣ. ಡ್ರಮ್ ಬಾರಿಸುವವಳು ನನಗಿಂತ ಹತ್ತು ವರ್ಷ ದೊಡ್ಡವಳು, ನನಗೆ ಡ್ರಮ್ಮಕ್ಕ. ಅವಳು ಬಾಗಿಲು ತಟ್ಟಿದರೂ ತಾಳದಲ್ಲೇ ತಟ್ಟುತ್ತಾಳೆ.

ಅಪ್ಪ, ಹೊರಡುವ ದಿನ ನಿಮ್ಮನ್ನು ಕೂರಿಸಿ ಎಂಟು ಹಾಡನ್ನೂ ಹಾಡಿದೆನಲ್ಲ. ಮುಗಿದ ಮೇಲೆ ನೀವು ಹೇಳಿದ್ದು, "ಬಸ್ಸಿಗೆ ಹೊತ್ತಾಯ್ತು." ದಾರಿಯುದ್ದಕ್ಕೂ ಅದನ್ನೇ ಯೋಚಿಸಿಕೊಂಡು ಬಂದೆ. ಚೆನ್ನಾಗಿದೆ, ಚೆನ್ನಾಗಿಲ್ಲ, ಎರಡರಲ್ಲಿ ಒಂದು ಬರೆಯಿರಿ. ಊರವರೆಲ್ಲ ಹೇಳಿದ್ದಾರೆ, ನೀವೊಬ್ಬರು ಬಾಕಿ.

ನಿಮ್ಮ
ಚಿಲಕ


ಜುಲೈ ೧೬

ಚಿಲಕಮ್ಮ,

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ, ಕೀ ಕೊರೆಯುವ ಮೆಷಿನ್ನಿನ ಬೆಲ್ಟು ಮಾತ್ರ ಚೆನ್ನಾಗಿಲ್ಲ. ಬದಲಾಯಿಸಿದೆ. ಚಮಚದಿಂದ ತೆರೆಯುವ ಬೀಗದ ವಿಷಯ ಓದಿ ನಿಜವಾಗಿಯೂ ಊಟ ಸೇರಲಿಲ್ಲ. ಒಂದು ಹೊಸ ಬೀಗ ಪಾರ್ಸೆಲ್ ಮಾಡಿದ್ದೇನೆ. ನಾಲ್ಕು ಸ್ಕ್ರೂ ಇವೆ, ನಾಲ್ಕನ್ನೂ ಹಾಕು. ಎರಡು ಹಾಕಿ ಗಿಟಾರಿನ ಕಡೆ ಓಡಬೇಡ.

ಕಿವಿಯ ಬಗ್ಗೆ ಹೆಚ್ಚು ಹೇಳಬೇಡ. ಇಷ್ಟು ವರ್ಷ ಕೀ ಕೊರೆದವನ ಕಿವಿ ಮಂದವಾಗದೆ ಇನ್ನೇನು ಚಿಗುರುತ್ತದೆಯೇ. ಅಂಗಡಿಗೆ ಬಂದವರೆಲ್ಲ "ಮಗಳು ಎಲ್ಲಿ, ಮೂಲೆ ಖಾಲಿ" ಎನ್ನುತ್ತಾರೆ. ಹಾಡು ಕಟ್ಟಲು ಹೋಗಿದ್ದಾಳೆ ಎನ್ನುತ್ತೇನೆ. ಇಲ್ಲೇ ಕಟ್ಟುತ್ತಿದ್ದಳಲ್ಲ ಎನ್ನುತ್ತಾರೆ. ನಿನಗೆ ಚಿಲಕ ಎಂದು ಹೆಸರಿಟ್ಟದ್ದು ಬಾಯಿಗೆ ಬೀಳಲಿ ಎಂದು, ಫಲಿಸಲಿಲ್ಲ ನೋಡು.

ಹಾಡು ಹೇಗಿದೆ ಎಂದು ನನ್ನನ್ನು ಕೇಳಬೇಡ. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಗಾದೆ ಮಾಡಿದ್ದೇ ನನ್ನಂಥವರ ಬಾಯಿ ಮುಚ್ಚಿಸಲು. ಚೆನ್ನಾಗಿದೆ ಎಂದರೆ ಅಪ್ಪಂದಿರೆಲ್ಲ ಹೀಗೇ ಎನ್ನುತ್ತೀಯ. ಚೆನ್ನಾಗಿಲ್ಲ ಎಂದರೆ ನಿನ್ನಮ್ಮ ನನಗೆ ಊಟ ಹಾಕುವುದಿಲ್ಲ. ನನಗೆ ಬೀಗ ಗೊತ್ತು, ಹಾಡು ಗೊತ್ತಿಲ್ಲ.

ಸಮಯಕ್ಕೆ ಸರಿಯಾಗಿ ತಿನ್ನು.

ಅಪ್ಪ

ಮಗಳೇ, ಕೆಳಗೆ ಉಳಿದ ಜಾಗ ನನ್ನದು. ನಿನ್ನ ಬಸ್ಸು ಹೋದ ಮೇಲೆ ಇವರು ಅಂಗಡಿಗೆ ಹೋಗಿ ಒಂದೇ ಕೀಯನ್ನು ಮೂರು ಸಲ ಕೊರೆದು ಮೂರು ಸಲವೂ ಹಾಳು ಮಾಡಿದರು. ಏನೂ ಗೊತ್ತಿಲ್ಲದವರ ಲಕ್ಷಣ ಅದಲ್ಲ. — ಅಮ್ಮ


ಆಗಸ್ಟ್ ೨೩

ಅಪ್ಪನಿಗೆ,

ಬೀಗ ಬಂತು, ನಾಲ್ಕೂ ಸ್ಕ್ರೂ ಹಾಕಿದೆ. ಈಗ ಕೀ ಒಳಗೆ ಮರೆತು ಬಂದರೆ ನಾನೇ ಹೊರಗೆ. ಎರಡು ಸಲ ಆಯಿತು.

ಇಲ್ಲೊಂದು ಫಜೀತಿ ಆಗಿದೆ. ನನ್ನ ಹಾಡುಗಳೆಲ್ಲ ನಾಲ್ಕು ನಾಲ್ಕು ಸಾಲಿನವು. ಮೂರು ಸಾಲು ಹಾಡುತ್ತೇನೆ, ಆಮೇಲೆ ಸುಮ್ಮನಾಗುತ್ತೇನೆ, ಆಮೇಲೆ ನಾಲ್ಕನೆಯದು. ಈ ಸುಮ್ಮನಿರುವುದಕ್ಕೆ ಅಳತೆ ಇಲ್ಲ. ಒಂದು ಸಲ ಗುಟುಕು ನೀರು ಕುಡಿಯುವಷ್ಟು, ಇನ್ನೊಂದು ಸಲ ಇಡೀ ಲೋಟ ಕುಡಿಯುವಷ್ಟು. ಒಬ್ಬಳೇ ಹಾಡುವಾಗ ಇದು ನನಗೆ ಗೊತ್ತೇ ಆಗಿರಲಿಲ್ಲ. ಈಗ ಜೊತೆಗೆ ನಾಲ್ಕು ಜನ ಬಾರಿಸುವವರು. ನಾನು ನಿಂತೆ, ಡ್ರಮ್ಮಕ್ಕ ಢಬ್ ಎಂದು ಒಳಗೆ ಬಿದ್ದಳು, ಗಿಟಾರಿನವನು ಅವಳನ್ನು ಹಿಡಿಯಲು ಹೋಗಿ ತಾನೂ ಬಿದ್ದ. ಎಂಟು ಹಾಡಿನಲ್ಲೂ ಇದೇ ಕಥೆ.

ಹೆಡ್‌ಫೋನಣ್ಣ ಗಾಜಿನ ಆಚೆಯಿಂದ ಮೈಕಿನಲ್ಲಿ ಕೇಳಿದರು, "ಅಲ್ಲಿ ಯಾರಿಗೆ ದಾರಿ ಬಿಡ್ತೀಯಾ ತಾಯಿ?" ಆಗ ನನಗೆ ಹೊಳೆಯಿತು. ನಿಂತಾಗಲೆಲ್ಲ ನಾನು ಎಡಕ್ಕೆ ನೋಡುತ್ತೇನೆ. ಎಡಕ್ಕೆ ಏನಿತ್ತು ಹೇಳಿ. ನಿಮ್ಮ ಮೆಷಿನ್ನು. ಸ್ಟೂಲಿನ ಮೇಲೆ ಕೂತು ನಾನು ಹಾಡುತ್ತಿದ್ದೆ, ಅದು ಕರ್ರ್ ಎನ್ನುತ್ತಿತ್ತು, ನಾನು ನಿಲ್ಲಿಸುತ್ತಿದ್ದೆ; ಅದು ಸುಮ್ಮನಾದ ಮೇಲೆ ಮುಂದಿನ ಸಾಲು. ಇಡೀ ಬಾಲ್ಯ ಹೀಗೇ ಹಾಡಿದರೆ ಇನ್ನೇನಾಗುತ್ತದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎನ್ನುತ್ತೀರಿ ನೀವು. ಆದರೆ ನೆಲ ನಿಜಕ್ಕೂ ಡೊಂಕೇ ಅಪ್ಪ. ಇದನ್ನು ಹೇಳಿದಾಗ ಸ್ಟುಡಿಯೊದಲ್ಲಿ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಿಮ್ಮ ಮೆಷಿನ್ನಿನ ಮೇಲೆ ಕೇಸು ಹಾಕಬೇಕು ಎಂದು ಡ್ರಮ್ಮಕ್ಕ ತೀರ್ಪು ಕೊಟ್ಟಿದ್ದಾಳೆ.

ನಗದವರು ಕಂಪನಿಯ ಮೇಡಂ ಒಬ್ಬರೇ. "ಹಾಡಿನ ಮಧ್ಯ ಸದ್ದಿಲ್ಲ ಅಂದ್ರೆ ಕೇಳೋರ ಕೈ ಮುಂದಿನ ಹಾಡಿಗೆ ಹೋಗುತ್ತೆ" ಎಂದರು. ಕೆಟ್ಟವರಲ್ಲ ಅವರು, ನನ್ನನ್ನು ಆರಿಸಿದ್ದೇ ಅವರು. ಆದರೆ ಅಕ್ಟೋಬರ್ ಮುಗಿಯುವುದರೊಳಗೆ ಹಾಡುಗಳು ಸರಿಹೋಗದಿದ್ದರೆ ಸ್ಟುಡಿಯೊ ಇನ್ನೊಬ್ಬ ಹಾಡುಗಾರನಿಗೆ, ನನ್ನ ಆಲ್ಬಮ್ ಇಲ್ಲ. ಹಾಗಾಗಿ ಈಗ ಕಿವಿಯೊಳಗೆ ಟಿಕ್ ಟಿಕ್ ಎಂದು ತಾಳ ಎಣಿಸುವ ಒಂದನ್ನು ಇಟ್ಟುಕೊಂಡು ಹಾಡುತ್ತೇನೆ. ಅದು ನಿಲ್ಲುವುದಿಲ್ಲ, ನನ್ನನ್ನೂ ನಿಲ್ಲಲು ಬಿಡುವುದಿಲ್ಲ. ಹಳೇ ಚಾಳಿ ಬಿಡಿಸಲು ಇದೇ ಸರಿ.

ನೀವಿನ್ನೂ ಒಂದು ಮಾತೂ ಬರೆದಿಲ್ಲ, ನೆನಪಿರಲಿ.

ಚಿಲಕ


ಸೆಪ್ಟೆಂಬರ್ ೧೮

ಮಗಳೇ,

ಇವರ ಕಾಗದಕ್ಕೆ ಕಾಯುತ್ತಿದ್ದೀಯ ಎಂದು ಗೊತ್ತು. ವಾರ್ಡಿನಲ್ಲಿ ಇವತ್ತು ರಾತ್ರಿ ಡ್ಯೂಟಿ, ಸ್ವಲ್ಪ ಬಿಡುವಿದೆ, ಔಷಧಿ ಕಪಾಟಿನ ಪಕ್ಕ ಕೂತು ನಾನೇ ಬರೆಯುತ್ತಿದ್ದೇನೆ.

ನಿನ್ನ ಕಾಗದ ಬಂದ ದಿನ ಇವರು ಅದನ್ನು ಓದಿ ಮಡಚಿ ಜೇಬಿಗೆ ಹಾಕಿಕೊಂಡರು. ಊಟಕ್ಕೆ ಕೂತಾಗ ಕೇಳಿದರು, "ಅವಳ ಹಾಡನ್ನ ನಾನು ಕತ್ತರಿಸಿಬಿಟ್ನಾ?" ತಮಾಷೆಗೆ ಬರೆದಿದ್ದಾಳೆ ಬಿಡಿ ಎಂದೆ. "ಹೌದೌದು, ತಮಾಷೆ" ಎಂದು ನಕ್ಕರು. ನಗು ಎಂಥದೆಂದು ನಿನಗೆ ಗೊತ್ತು. ಈಗ ಬೀದಿಯಲ್ಲಿ ಯಾರಾದರೂ ಗುನುಗಿಕೊಂಡು ಹೋದರೂ ಇವರು ಮೆಷಿನ್ ಆಫ್ ಮಾಡುತ್ತಾರೆ. ಮೊನ್ನೆ ಹಾಲಿನವನು ಸೀಟಿ ಹೊಡೆದುಕೊಂಡು ಬಂದ, ಅದಕ್ಕೂ ಆಫ್. ಇವರಿಗೆ ಕೇಳಿಸಿದ್ದೇ ನನಗೆ ಆಶ್ಚರ್ಯ. ಕಾಗದ ಬರೆಯಲು ಕೂರುತ್ತಾರೆ, "ಚಿಲಕಮ್ಮ" ಎಂದು ಬರೆದು ಹರಿಯುತ್ತಾರೆ. ಮನೆತುಂಬ ಹರಿದ ಚಿಲಕಗಳೇ.

ನಿನ್ನ ತಪ್ಪೆಂದು ನಾನು ಹೇಳುತ್ತಿಲ್ಲ. ನೀನು ಚೆನ್ನಾಗಿ ಹಾಡಿ ಬಾ. ಎರಡು ಸಾಲು ಇವರಿಗೆ ಬೇರೆಯಾಗಿ ಬರೆ.

ಅಮ್ಮ


ಸೆಪ್ಟೆಂಬರ್ ೨೮

ಅಪ್ಪ,

ಅದು ಬರೀ ತಮಾಷೆ. ಆ ಸ್ಟೂಲು, ಆ ಮೂಲೆ ಇಲ್ಲದಿದ್ದರೆ ನಾನು ಯಾವ ಹಾಡನ್ನೂ ಕಟ್ಟುತ್ತಿರಲಿಲ್ಲ. ನಿಮಗೆ ನೋವಾಗಿದ್ದರೆ ನನಗೂ ಆಗುತ್ತದೆ, ಇಷ್ಟೇ ಹೇಳಲು ಬರುವುದು.

ನಾಲ್ಕು ಹಾಡು ಮುಗಿದವು. ಟಿಕ್ ಟಿಕ್ ಜೊತೆಗೇ ಹಾಡಿದೆ, ಎಲ್ಲೂ ನಿಲ್ಲಲಿಲ್ಲ. ಮೇಡಂಗೆ ಸಂತೋಷ, ಹೆಡ್‌ಫೋನಣ್ಣ ಹೆಬ್ಬೆರಳೆತ್ತಿ ತೋರಿಸಿದರು, ಎಲ್ಲರೂ ಕೈಕುಲುಕಿದರು. ನನಗೂ ಸಂತೋಷವೇ ಆಗಬೇಕು. ರೂಮಿಗೆ ಬಂದು ಹಾಕಿಕೊಂಡು ಕೇಳಿದೆ. ಧ್ವನಿ ನನ್ನದೇ, ಮಾತೂ ನನ್ನದೇ. ಆದರೆ ನಾಲ್ಕನೇ ಸಾಲು ಬಂದಾಗಲೆಲ್ಲ, ಇದನ್ನು ಯಾರೋ ಬರೆದುಕೊಟ್ಟರು, ನಾನು ಓದಿದೆ ಎನಿಸಿತು. ಡ್ರಮ್ಮಕ್ಕನಿಗೆ ಮಾತ್ರ ಹೇಳಿದೆ. ಅವಳು ಮೇಜಿನ ಮೇಲೆ ಬೆರಳು ಬಡಿದಳು.

ಈಗ ಬಾಯಿಬಿಟ್ಟರೆ ಎಲ್ಲ ಹೋಗುತ್ತದೆ. ಏಳು ವರ್ಷದವಳಿದ್ದಾಗ ಗಿರಾಕಿಗಳ ಮುಂದೆ ಎದ್ದುನಿಂತು "ನಾನು ದೊಡ್ಡೋಳಾದ್ಮೇಲೆ ಹಾಡು ಕಟ್ತೀನಿ, ಬೇರೆ ಏನೂ ಮಾಡಲ್ಲ" ಎಂದಿದ್ದೆನಂತೆ. ಅಷ್ಟು ದಿನದಿಂದ ಬೇಕೆಂದದ್ದು ಕೈಗೆ ಬಂದಿರುವಾಗ ಇದು ನನ್ನದಲ್ಲ ಎನ್ನುವುದು ಹೇಗೆ.

ಬರೆಯಿರಿ ಅಪ್ಪ. ಬೈದಾದರೂ ಬರೆಯಿರಿ.

ಚಿಲಕ


ಅಕ್ಟೋಬರ್ ೭

ಚಿಲಕಮ್ಮ,

ಹರಿದ ಕಾಗದಗಳ ಸುದ್ದಿ ನಿನ್ನಮ್ಮ ಮುಟ್ಟಿಸಿಯಾಗಿದೆ ಎಂದು ಗೊತ್ತು. ನರ್ಸುಗಳ ಹೊಟ್ಟೆಯಲ್ಲಿ ಗುಟ್ಟು ನಿಲ್ಲುತ್ತದೆ ಎಂದು ಯಾರು ಹೇಳಿದರೋ.

ನನಗೆ ಸಿಟ್ಟು ಬಂದಿರಲಿಲ್ಲ. ಆದರೆ ಮಗಳ ಹಾಡನ್ನು ನಾನೇ ತುಂಡು ಮಾಡಿದೆ ಎಂಬ ಮಾತು ಒಮ್ಮೆ ಒಳಗೆ ಹೋದರೆ ಸುಲಭಕ್ಕೆ ಹೊರಗೆ ಬರುವುದಿಲ್ಲ. ಮೆಷಿನ್ ಮುಂದೆ ನಿಂತು, ನಿನ್ನ ಸ್ಟೂಲನ್ನು ನೋಡುತ್ತಾ, ಆಗ ಏನಾಗುತ್ತಿತ್ತು ಎಂದು ಒಂದೊಂದಾಗಿ ನೆನಪಿಸಿಕೊಂಡೆ. ವಾಚ್ ರಿಪೇರಿಯವನನ್ನೂ ಕರೆದು ಕೇಳಿದೆ. ನೀನು ಬರೆದದ್ದು ಹಿಂದುಮುಂದಾಗಿದೆ ಮಗಳೇ.

ನೀನು ಮೆಷಿನ್ನಿಗಾಗಿ ನಿಲ್ಲುತ್ತಿರಲಿಲ್ಲ. ನಿನಗಾಗಿ ನಾನು ಮೆಷಿನ್ ನಿಲ್ಲಿಸುತ್ತಿದ್ದೆ.

ನಿನಗೆ ಆಗ ಆರು ವರ್ಷ. ಟೋಪಿ ಹಾಕಿದ ತಾತ ಒಬ್ಬರು ಮನೆಯ ಕೀ ಕಳೆದುಕೊಂಡು ಬಂದರು. ಅವರು ನಿಂತಿದ್ದ ಹಾಗೇ ನೀನು ಶುರು ಮಾಡಿದೆ. "ಟೋಪಿ ತಾತ ಬಂದರು, ಕೀಯ ಕಳೆದು ನಿಂದರು, ಬೆಕ್ಕು ಒಂದೇ ಒಳಗಿಹುದು." ಅಲ್ಲಿಗೆ ನಿಂತುಹೋಯಿತು. ಯಾಕೆಂದರೆ ನಾಲ್ಕನೇ ಸಾಲು ಇನ್ನೂ ಹುಟ್ಟಿರಲಿಲ್ಲ. ಸ್ಟೂಲಿನಿಂದ ನಿನ್ನ ಎಡಗಾಲು ತೂಗಾಡತೊಡಗಿತು, ಮುಖ ಎತ್ತಿ ನನ್ನನ್ನು ನೋಡಿದೆ, ನನ್ನ ಹತ್ತಿರ ಇದೆಯೇನೋ ಎಂಬಂತೆ. ನನ್ನ ಹತ್ತಿರ ಎಲ್ಲಿಂದ ಬರಬೇಕು. ಖಾಲಿ ನಿಲ್ಲುವುದೇಕೆ ಎಂದು ನಾನು ಮೆಷಿನ್ ಹಾಕಿ ತಾತನ ಕೀ ಕೊರೆಯಲು ಹಿಡಿದೆ. ನಿನ್ನ ಕಾಲು ನಿಂತಿತು, ಬಾಯಿ ತೆರೆದೆ. ನಾನು ನೋಡಲಿಲ್ಲ, ಕೊರೆಯುತ್ತಲೇ ಇದ್ದೆ. ಸಿಕ್ಕಿದ ಸಾಲು ಆ ಗದ್ದಲದಲ್ಲಿ ಕಳೆದುಹೋಗಿ ನೀನು ಮುಖ ಊದಿಸಿಕೊಂಡೆ. ಅದು ಮತ್ತೆ ಸಿಕ್ಕಿದ್ದು ಸಂಜೆಗೆ. "ಬಾಗಿಲು ತೆಗೆಯಲು ಅದಕೆ ಬರದು." ತಾತ ಆ ಹೊತ್ತಿಗೆ ಮನೆಗೆ ಹೋಗಿ ಬೆಕ್ಕಿಗೆ ಹಾಲೂ ಹಾಕಿಯಾಗಿತ್ತು.

ಆಮೇಲೆ ನಾನು ಹಾಗೆ ಮಾಡಲಿಲ್ಲ. ನೀನು ಹುಡುಕುವಾಗ ಕೊರೆಯುತ್ತಿದ್ದೆ, ಒಂದು ಕಣ್ಣು ನಿನ್ನ ಕಾಲಿನ ಮೇಲೆ. ಕಾಲು ನಿಂತ ಕೂಡಲೇ ಕೈ ಎತ್ತುತ್ತಿದ್ದೆ. ಕೀಯನ್ನು ಒಂದೇ ಎಳೆತದಲ್ಲಿ ಕೊರೆಯಬೇಕು. ನಡುವೆ ಕೈ ಎತ್ತಿದರೆ ಹಲ್ಲಿನ ಮೇಲೆ ಗೀರು ಉಳಿಯುತ್ತದೆ, ಬೀಗದಲ್ಲಿ ಸಿಕ್ಕಿಕೊಳ್ಳುತ್ತದೆ. ಎಷ್ಟು ಗಿರಾಕಿಗಳು ತಿರುಗಿ ಬಂದರು. ವಾಚ್ ರಿಪೇರಿಯವನು ತನ್ನ ಅಂಗಡಿಗೆ ಕೀ ಮಾಡಿಸುವಾಗ, "ನಿನ್ನ ಮಗಳು ಸ್ಕೂಲಿಗೆ ಹೋದಾಗ ಮಾಡಿಕೊಡಪ್ಪ" ಎನ್ನುತ್ತಿದ್ದ. ನಿನ್ನೆ ಮತ್ತೆ ಹೇಳಿ ನಕ್ಕ.

ನೀನು ಚಾಳಿ ಎನ್ನುತ್ತಿರುವುದು ಅದು. ನೀನು ಅಲ್ಲಿ ಸುಮ್ಮನಿರಲಿಲ್ಲ, ಕೆಲಸ ಮಾಡುತ್ತಿದ್ದೆ. ಅದನ್ನು ಇಟ್ಟುಕೊಳ್ಳುವುದೋ ಬಿಡುವುದೋ ನಿನಗೆ ಸೇರಿದ್ದು. ಕಂಪನಿ, ಮೇಡಂ, ಟಿಕ್ ಟಿಕ್ ಇದೆಲ್ಲ ನನಗೆ ತಿಳಿಯದು. ಆದರೆ ನನ್ನ ಮೆಷಿನ್ನಿನ ತಲೆಗೆ ಕಟ್ಟಬೇಡ. ಪಾಪ, ಅದು ನಿನ್ನ ಮಾತು ಕೇಳಿಕೊಂಡೇ ಬೆಳೆದದ್ದು.

ಅಪ್ಪ


ಅಕ್ಟೋಬರ್ ೩೦

ಅಪ್ಪನಿಗೆ,

ನಿಮ್ಮ ಕಾಗದವನ್ನು ಸೈಕಲ್ ಅಂಗಡಿಯ ಮುಂದೆ ನಿಂತುಕೊಂಡೇ ಓದಿದೆ. ಅಳು ಬಂದುಬಿಟ್ಟಿತು. ಟ್ಯೂಬಿಗೆ ಗಾಳಿ ತುಂಬುತ್ತಿದ್ದವರು ಪಂಪು ಬಿಟ್ಟು ಬಂದು, "ಯಾರಿಗೇನಾಯ್ತು?" ಎಂದರು. "ಯಾರಿಗೂ ಏನೂ ಆಗಿಲ್ಲ, ನಮ್ಮಪ್ಪ ಬರೆದಿದ್ದಾರೆ" ಎಂದೆ. ಅವರು ಗೊಂದಲದಲ್ಲೇ ತಲೆಯಾಡಿಸಿ ಹೋದರು.

ಮಾರನೇ ದಿನ ಮೇಡಂ ಹತ್ತಿರ ಹೋದೆ. "ಆ ನಾಲ್ಕು ಹಾಡು ಬೇಡ, ನಿಲ್ಲಿಸಿಯೇ ಹಾಡ್ತೀನಿ" ಎಂದೆ. ಅವರು ಬಹಳ ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದರು. ಕಡೆಗೆ, "ನಾನು ನಂಬ್ತೀನೋ ಬಿಡ್ತೀನೋ ಅದಲ್ಲ ಮುಖ್ಯ. ಕೇಳೋರು ಕಾಯ್ತಾರಾ? ಅದನ್ನ ನೋಡೋಣ" ಎಂದರು. ಡಿಸೆಂಬರ್ ಆರಕ್ಕೆ ಒಂದು ಸಣ್ಣ ಹಾಲ್ ಹಿಡಿದಿದ್ದಾರೆ. ಎಂಟೂ ಹಾಡನ್ನು ಜನರ ಮುಂದೆ ನನ್ನ ರೀತಿಯಲ್ಲೇ ಹಾಡಬೇಕು, ಅಲ್ಲೇ ರೆಕಾರ್ಡ್ ಆಗುತ್ತದೆ. ಜನ ಕಾದರೆ ಅದೇ ಆಲ್ಬಮ್. ಕೆಮ್ಮಿ, ಕುರ್ಚಿ ಸರಿಸಿ, ಎದ್ದುಹೋದರೆ ಟಿಕ್ ಟಿಕ್ಕೇ ಗತಿ. ಒಂದೇ ಸಂಜೆ, ಎರಡನೇ ಸಲ ಇಲ್ಲ.

ಉಳಿದದ್ದು ಬಾರಿಸುವವರ ತಾಪತ್ರಯ. "ನೀನು ಮತ್ತೆ ಶುರು ಮಾಡೋದು ನಮಗೆ ಹೇಗೆ ಗೊತ್ತಾಗ್ಬೇಕು?" ಎಂದಳು ಡ್ರಮ್ಮಕ್ಕ. "ನಮ್ಮಪ್ಪ ಕಾಲು ನೋಡ್ತಿದ್ರು" ಎಂದೆ. ಎಲ್ಲರೂ ಬಗ್ಗಿ ನನ್ನ ಕಾಲು ನೋಡಿದರು. ಅಪ್ಪ, ಅದು ಇನ್ನೂ ತೂಗುತ್ತದೆ. ನನಗೇ ಗೊತ್ತಿರಲಿಲ್ಲ. ಸಾಲು ಈಗ ಬಾಯಿಪಾಠವಾಗಿದ್ದರೂ ಪ್ರತಿ ಸಲ ಅದನ್ನು ಹೊಸದಾಗಿ ಹುಡುಕುತ್ತೇನೆ, ಸಿಕ್ಕ ಕೂಡಲೇ ಕಾಲು ನಿಲ್ಲುತ್ತದೆ. ಈಗ ನನ್ನನ್ನು ಎತ್ತರದ ಸ್ಟೂಲಿನ ಮೇಲೆ ಕೂರಿಸಿದ್ದಾರೆ. ದೂರಕ್ಕೂ ಕಾಣಲಿ ಎಂದು ಡ್ರಮ್ಮಕ್ಕ ಎಡಗಾಲಿಗೆ ಮಾತ್ರ ಕೆಂಪು ಕಾಲುಚೀಲ ತೊಡಿಸಿದ್ದಾಳೆ. ಮುಖ ನೋಡಿ ಬಾರಿಸುವವರನ್ನು ಕಂಡಿದ್ದೆ, ಕಾಲು ನೋಡಿ ಬಾರಿಸುವವರು ಇವರೇ ಮೊದಲು. ನಾಲ್ಕೇ ದಿನಕ್ಕೆ ಕೂಡಿಬಂತು. ಒಬ್ಬರೂ ಬೀಳುತ್ತಿಲ್ಲ.

ಇಬ್ಬರೂ ಬರಬೇಕು. ಮುಂದಿನ ಸಾಲಿನಲ್ಲಿ ಎರಡು ಕುರ್ಚಿ ಹೇಳಿದ್ದೇನೆ.

ಚಿಲಕ


ನವೆಂಬರ್ ೧೨

ಚಿಲಕಮ್ಮ,

ಬರುತ್ತೇವೆ. ಅಂಗಡಿಗೆ ಎರಡು ದಿನ ರಜೆ ಎಂದು ಬೋರ್ಡು ಬರೆದೂ ಆಯಿತು. ಇನ್ನೂ ಮೂರು ವಾರ ಇದೆ, ಈಗಲೇ ನೇತುಹಾಕಬೇಡಿ ಎಂದು ನಿನ್ನಮ್ಮ ತೆಗೆಸಿದಳು.

ಅಪ್ಪ


ಡಿಸೆಂಬರ್ ೧೦

ಚಿಲಕಮ್ಮ,

ಊರು ತಲುಪಿದೆವು. ಬಸ್ಸಿನಲ್ಲಿ ನಿನ್ನಮ್ಮ ನನ್ನ ಜೊತೆ ಮಾತಾಡಲಿಲ್ಲ. ಕಿಟಕಿಯ ಹೊರಗೆ ನೋಡುವುದು, ಇದ್ದಕ್ಕಿದ್ದಂತೆ ಭುಜ ಕುಣಿಸಿ ನಗುವುದು, ನಾನು ಕೇಳಿದರೆ ಮತ್ತೆ ಮೂತಿ ಬಿಗಿಯುವುದು. ಆದದ್ದಕ್ಕೆ ನಾನೇ ಕಾರಣ. ಅಲ್ಲಿ ಜನರ ನಡುವೆ ನಿನ್ನ ಹತ್ತಿರ ಸರಿಯಾಗಿ ಹೇಳಲಾಗಲಿಲ್ಲ, ಇಲ್ಲಿ ಹೇಳುತ್ತೇನೆ.

ಆರು ಹಾಡು ಚೆನ್ನಾಗಿ ಹೋದವು. ನೀನು ನಿಂತಾಗ ಹಾಲ್ ಕೂಡ ನಿಂತಿತು, ಯಾರೂ ಕೆಮ್ಮಲಿಲ್ಲ. ನಾನು ಕೆಂಪು ಕಾಲುಚೀಲ ನೋಡಿಕೊಂಡು ಕೂತಿದ್ದೆ. ಏಳನೆಯದು ನಿನ್ನಮ್ಮ ಆಸ್ಪತ್ರೆಯಿಂದ ಬೆಳಿಗ್ಗೆ ಮನೆಗೆ ಬರುವ ಹಾಡು. ಮೂರು ಸಾಲು ಮುಗಿಯಿತು. ಕಾಲು ತೂಗಿತು. ತೂಗುತ್ತಲೇ ಇತ್ತು. ಇದು ದಿನದ ತೂಗಾಟವಲ್ಲ ಎಂದು ನನಗೆ ತಿಳಿಯಿತು, ಸಾಲು ನಿಜವಾಗಿಯೂ ಕೈಬಿಟ್ಟಿದೆ. ನಿನ್ನಮ್ಮ ನನ್ನ ಕೈ ಹಿಂಡಿ ಕಿವಿಯಲ್ಲಿ, "ಏನಾಯ್ತು ಇವಳಿಗೆ, ಮರೆತಳಾ?" ಎಂದಳು. ನಾನು ಅವಳಿಗಷ್ಟೇ ಕೇಳುವಂತೆ, ಪಿಸುಮಾತಿನಲ್ಲಿ ಉತ್ತರ ಕೊಟ್ಟೆ.

ಪಿಸುಮಾತು ಎಂದೇ ನಾನು ತಿಳಿದಿದ್ದೆ. ಇಡೀ ಹಾಲ್ ನನ್ನ ಕಡೆ ತಿರುಗಿದ ಮೇಲೆ ಗೊತ್ತಾಯಿತು.

ಆಮೇಲೆ ನೀನು ಏನೋ ಹಾಡಿದೆ, ಜನ ಗೊಳ್ಳೆಂದು ನಕ್ಕರು, ಚಪ್ಪಾಳೆ ಹೊಡೆದರು. ಆ ಗದ್ದಲದಲ್ಲಿ ನೀನು ಹಾಡಿದ್ದು ನನಗೆ ಕೇಳಿಸಲಿಲ್ಲ. ಕೇಳಿದರೆ ನಿನ್ನಮ್ಮ ಹೇಳುತ್ತಿಲ್ಲ. ನಿನ್ನ ಒಂದೇ ಸಂಜೆಯನ್ನು ನಾನು ಹಾಳುಮಾಡಿದೆನೇನೋ ಎಂದು ನಾಲ್ಕು ದಿನದಿಂದ ಸಂಕಟ. ಹೆಡ್‌ಫೋನಿನವರಿಗೆ ಹೇಳಿ ನನ್ನ ಧ್ವನಿಯನ್ನು ತೆಗೆಸು. ಆಗುವುದಿಲ್ಲವೇ ಅದು? ಈಗ ಮೆಷಿನ್ನುಗಳಲ್ಲಿ ಎಲ್ಲ ಆಗುತ್ತದಂತೆ.

ಅಪ್ಪ


ಡಿಸೆಂಬರ್ ೧೯

ನನ್ನ ಪಿಸುಮಾತಿನ ಅಪ್ಪನಿಗೆ,

ಸ್ಟೇಜಿನ ಮೇಲೆ ಏನಾಯಿತು ಎಂದು ಹೇಳುತ್ತೇನೆ, ಕೇಳಿ.

"ಹೊರಗೆ ಬೆಳಕು, ಒಳಗೆ ನಿದ್ದೆ, ಅಮ್ಮ ಬಂದಳು ಚಪ್ಪಲಿ ಕಳಚಿ, ಸದ್ದೇ ಆಗದೆ ನಡೆದಳು ಮೆಲ್ಲಗೆ." ಇಲ್ಲಿಯವರೆಗೆ ಬಂದೆ. ನಾಲ್ಕನೇ ಸಾಲು ಹೋಗಿಬಿಟ್ಟಿತ್ತು. ಎಲ್ಲಿ ನೋಡಿದರೂ ಇಲ್ಲ. ಡ್ರಮ್ಮಕ್ಕ ಕೋಲು ಎತ್ತಿ ಹಿಡಿದು ನನ್ನ ಕಾಲನ್ನೇ ನೋಡುತ್ತಿದ್ದಾಳೆ, ಗಿಟಾರಿನವನ ಹಣೆಯಲ್ಲಿ ಬೆವರು. ಹಿಂದಿನ ಸಾಲಿನಲ್ಲಿ ಒಂದು ಕುರ್ಚಿ ಕಿರ್ ಎಂದಿತು. ಮೇಡಂ ಬಾಗಿಲ ಹತ್ತಿರ ನಿಂತಿದ್ದರು, ಅವರ ಕಡೆ ನೋಡಲು ಧೈರ್ಯವಾಗಲಿಲ್ಲ. ಎಲ್ಲ ಮುಗಿಯಿತು ಎಂದುಕೊಂಡೆ. ಆಗ ಕತ್ತಲಿಂದ, ಹಾಲಿನ ಮೂಲೆಮೂಲೆಗೂ ಕೇಳುವಂತೆ ನಿಮ್ಮ ಧ್ವನಿ ಬಂತು.

"ಹುಡುಕ್ತಾ ಇದ್ದಾಳೆ, ಇರು. ಸಿಗುತ್ತೆ ಅವಳಿಗೆ."

ಅಪ್ಪ, ನೀವು ಅದನ್ನು ಹೇಳಿದ ರೀತಿ ನಿಮಗೆ ಗೊತ್ತಿಲ್ಲ. ಗಿರಾಕಿಗೆ "ಐದು ನಿಮಿಷ, ಕೀ ಆಗುತ್ತೆ" ಎನ್ನುತ್ತೀರಲ್ಲ, ಹಾಗೆ. ಒಂದಿಷ್ಟೂ ಅನುಮಾನವಿಲ್ಲ. ಹೆದರಿಕೆಯೆಲ್ಲ ಇಳಿದುಹೋಯಿತು. ಕಾಲು ನಿಂತಿತು. ಹಳೆಯ ಸಾಲು ಬರಲೇ ಇಲ್ಲ, ಹೊಸದು ಬಂತು. ನಾನು ಹಾಡಿದ್ದು ಇದು:

"ಅಪ್ಪನ ಪಿಸುಮಾತಿಗೆ ಊರೇ ಎದ್ದಿತು."

ಜನ ನಕ್ಕದ್ದು ಅದಕ್ಕೆ. ಆಮೇಲೆ ಎಂಟನೇ ಹಾಡಿನಲ್ಲಿ ನಾನು ನಿಂತಾಗ ಅವರು ಕಾದ ರೀತಿಯೇ ಬೇರೆ. ನಾನು ಅಲ್ಲಿ ಏನು ಮಾಡುತ್ತಿದ್ದೇನೆಂದು ಈಗ ಅವರಿಗೆ ಗೊತ್ತಿತ್ತು, ಹುಡುಕಲಿ ಎಂದು ಬಿಟ್ಟರು. ಮುಗಿದ ಮೇಲೆ ಮೇಡಂ ಬಂದು ನನ್ನ ಹೆಗಲು ಹಿಡಿದು, "ಇದೇ ಆಲ್ಬಮ್" ಎಂದರು. ಅವರ ಕಣ್ಣು ಒದ್ದೆಯಾಗಿತ್ತು, ಧೂಳು ಎಂದು ಹೇಳಿದರು.

ನಿಮ್ಮ ಧ್ವನಿ ತೆಗೆಯಲು ಆಗುತ್ತದೆ. ತೆಗೆಯುವುದಿಲ್ಲ. ಹೆಡ್‌ಫೋನಣ್ಣ ಇದುವರೆಗೆ ಹತ್ತು ಸಲ ಅದನ್ನೇ ಹಾಕಿಕೊಂಡು ಕೇಳಿದ್ದಾರೆ. ಆಲ್ಬಮ್ಮಿನ ಹಿಂದೆ ಡ್ರಮ್ಮು, ಗಿಟಾರು ಎಂದು ಎಲ್ಲರ ಹೆಸರೂ ಇರುತ್ತದಲ್ಲ, ಅಲ್ಲಿ "ಪಿಸುಮಾತು: ಅಪ್ಪ" ಎಂದೂ ಅಚ್ಚಾಗುತ್ತಿದೆ. ಅಮ್ಮ ಸಿಟ್ಟಿನಲ್ಲಿಲ್ಲ. ನಿಮಗೆ ಹೇಳಿದರೆ ಅತ್ತುಬಿಡುತ್ತೀರಿ, ಬಸ್ಸಿನಲ್ಲಿ ಬೇಡ ಎಂದು ಸುಮ್ಮನಿದ್ದಳಂತೆ.

ನನಗೆ ತುಂಬ ಸಂತೋಷವಾಗಿದೆ ಅಪ್ಪ. ಇನ್ನೇನೂ ತೋಚುತ್ತಿಲ್ಲ.

ಚಿಲಕ


ಮಾರ್ಚ್ ೮

ಚಿಲಕಮ್ಮ,

ಆಲ್ಬಮ್ ಬಂತು. ಅಂಗಡಿಗೆಂದು ಒಂದು ದೊಡ್ಡ ಸ್ಪೀಕರ್ ತಂದೆ. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಹಾಕುತ್ತೇನೆ, ನನಗೆ ಕೇಳುವಷ್ಟು ಜೋರಾಗಿ. ವಾಚ್ ರಿಪೇರಿಯವನು, ಸಣ್ಣ ಮುಳ್ಳು ಹಿಡಿದಾಗ ನಿನ್ನ ಮಗಳ ಡ್ರಮ್ಮಿಗೆ ಕೈ ನಡುಗುತ್ತದೆ ಎಂದು ಜಗಳಕ್ಕೆ ಬಂದ. ಏಳನೇ ಹಾಡು ಬರುತ್ತಿತ್ತು. ಕೇಳಿ, ನಕ್ಕು, ಒಂದು ಆಲ್ಬಮ್ ಕೇಳಿ ಇಸಿದುಕೊಂಡು ಹೋದ. ನನ್ನ ಧ್ವನಿ ಅಷ್ಟು ದೊಡ್ಡದೆಂದು ನಲವತ್ತು ವರ್ಷದಿಂದ ಯಾರೂ ನನಗೆ ಹೇಳಿರಲಿಲ್ಲ. ಹೇಳಿದ್ದರೂ ಕೇಳಿಸಿರಲಿಕ್ಕಿಲ್ಲ.

ನಿನ್ನ ಹಾಡು ಬರುವಾಗ ಮೆಷಿನ್ ಹಾಕುವುದಿಲ್ಲ. ಗಿರಾಕಿಗಳು ನಿಂತು ಕೇಳುತ್ತಾರೆ, ಕೆಲವರು ಗೊಣಗುತ್ತಾರೆ. ನಿನ್ನೆ ಒಬ್ಬ ಹೆಂಗಸು ಬಂದಿದ್ದರು, ಮಗುವನ್ನು ಸ್ಕೂಲಿನಿಂದ ಕರೆತರುವ ಆತುರದಲ್ಲಿದ್ದರು. ಎರಡನೇ ಹಾಡು ನಡೆದಿತ್ತು. ಮೂರು ಸಾಲು ಆಯಿತು, ನೀನು ನಿಂತೆ. ನಾನೂ ಕೀ ಹಿಡಿದುಕೊಂಡು ನಿಂತೆ. ಅವರು ಸ್ಪೀಕರ್ ನೋಡಿದರು, ನನ್ನನ್ನು ನೋಡಿದರು. "ಈಗ ಸುಮ್ಮನಿದ್ದಾಳಲ್ಲ, ಈಗಲಾದ್ರೂ ಮೆಷಿನ್ ಹಾಕಿ" ಎಂದರು.

"ಇಲ್ಲಮ್ಮ, ಇದೂ ಹಾಡೇ" ಎಂದೆ.

ನೀನು ಚಿಕ್ಕವಳಿದ್ದಾಗ ಅದು ನನಗೆ ತಿಳಿದಿರಲಿಲ್ಲ. ಖಾಲಿ ಎಂದುಕೊಂಡು ಅಷ್ಟರಲ್ಲೇ ಕೀ ಕೊರೆದುಕೊಂಡೆ. ಆ ಹೆಂಗಸು ಚೀಲ ಕೆಳಗಿಟ್ಟರು. ನಾವಿಬ್ಬರೂ ನೀನು ಹುಡುಕಿ ಮುಗಿಸುವವರೆಗೆ ಕಾದೆವು.

ಅಪ್ಪ